ಡಬ್ಬಿ ತಿರುಗಿಸಿ ಓದಿ

ಎಲ್ಲರಿಗೂ ನಮಸ್ಕಾರ. ಬೆಳಗಿನ ಜಾವ ಐದಕ್ಕೇ ಬೂಟಿನ ದಾರ ಬಿಗಿದು ಓಡಲು ಹೊರಡುವವರೇ, ಭಾನುವಾರ ಸೈಕಲ್ಲಿನಲ್ಲಿ ನಂದಿಬೆಟ್ಟ ಹತ್ತುವವರೇ, ಇವತ್ತಿನ ಮಾತು ನಿಮಗೆ. ನಿಮ್ಮಲ್ಲಿ ಕೆಲವರ ಮನೆಗೆ ಈಚೆಗೆ ಒಂದು ಡಬ್ಬಿ ಬಂದಿದೆ. ಮೇಲೆ ಕಿತ್ತಳೆ ಬಣ್ಣದ ಅಣಬೆಯ ಚಿತ್ರ, ಕೆಳಗೆ ‘ಸ್ಟ್ಯಾಮಿನಾ’ ಎಂಬ ದಪ್ಪಕ್ಷರ. ಒಳಗಿರುವುದು ಕಾರ್ಡಿಸೆಪ್ಸ್ ಎಂಬ ಅಣಬೆ. ನಾನು ಹೇಳುವುದು ಒಂದೇ: ಡಬ್ಬಿ ತಿರುಗಿಸಿ, ಹಿಂಭಾಗ ಓದಿ.

ಈ ಅಣಬೆಗೆ ಓಟದ ಲೋಕದಲ್ಲಿ ಹೆಸರು ಬಂದ ಕಥೆ ಸ್ವಾರಸ್ಯವಾಗಿದೆ. 1993ರ ಸೆಪ್ಟೆಂಬರ್ 8, ಬೀಜಿಂಗಿನಲ್ಲಿ ಚೀನಾದ ರಾಷ್ಟ್ರೀಯ ಕ್ರೀಡಾಕೂಟ. ವಾಂಗ್ ಜುನ್‌ಶಿಯಾ ಎಂಬಾಕೆ 10,000 ಮೀಟರನ್ನು 29 ನಿಮಿಷ 31.78 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಹಳೆಯ ವಿಶ್ವದಾಖಲೆ 30 ನಿಮಿಷ 13.74 ಸೆಕೆಂಡು. ಅಂದರೆ ಒಂದೇ ಏಟಿಗೆ 42 ಸೆಕೆಂಡು ಕಡಿತ! ಓಡುವವರಿಗೆ ಗೊತ್ತು, ಆ ಮಟ್ಟದಲ್ಲಿ ಎರಡು ಸೆಕೆಂಡು ಇಳಿಸಲಿಕ್ಕೂ ವರ್ಷಗಟ್ಟಲೆ ಬೆವರು ಸುರಿಸಬೇಕು. ಐದೇ ದಿನದಲ್ಲಿ ಆಕೆಯೇ 3,000 ಮೀಟರ್ ದಾಖಲೆಯನ್ನೂ ಮುರಿದರು. ನಡುವೆ ಅದೇ ತಂಡದ ಚೂ ಯುನ್‌ಶಿಯಾ 1,500 ಮೀಟರ್ ದಾಖಲೆ ಮುರಿದಿದ್ದರು. ಏನಮ್ಮಾ ಗುಟ್ಟು ಎಂದು ಜಗತ್ತು ಕೇಳಿತು. ತರಬೇತುದಾರ ಮಾ ಜುನ್‌ರೆನ್ ಹೇಳಿದ್ದು: ಕಠಿಣ ತಾಲೀಮು, ಆಮೆಯ ರಕ್ತ, ಜೊತೆಗೆ ಹುಳದ ಮೈಯಲ್ಲಿ ಬೆಳೆಯುವ ಅಣಬೆ. ಅಲ್ಲಿಂದ ಶುರುವಾಯಿತು ನೋಡಿ ವ್ಯಾಪಾರ.

2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಹೊರಡುವ ಮುನ್ನ ರಕ್ತಪರೀಕ್ಷೆಯಲ್ಲಿ ನಿಷೇಧಿತ ಔಷಧದ ಅನುಮಾನ ಬಂದು ಇದೇ ತರಬೇತುದಾರರ ಆರು ಓಟಗಾರ್ತಿಯರನ್ನು ತಂಡದಿಂದ ಕೈಬಿಟ್ಟರು. 2016ರಲ್ಲಿ, ನಿಷೇಧಿತ ಔಷಧ ತೆಗೆದುಕೊಳ್ಳಲು ನಮ್ಮನ್ನು ಬಲವಂತ ಮಾಡಿದರು ಎನ್ನುವ, ವಾಂಗ್ ಮತ್ತು ತಂಡದ ಗೆಳತಿಯರು ಬರೆದದ್ದೆಂದು ಹೇಳಲಾದ ಹಳೆಯ ಪತ್ರವೊಂದು ಹೊರಬಂತು. ಅಷ್ಟರಲ್ಲಿ ಅಣಬೆಗೆ ಸಿಗಬೇಕಾದ ಪ್ರಚಾರ ಸಿಕ್ಕಾಗಿತ್ತು.

ಇನ್ನು ಆ ಹುಳದ ಅಣಬೆ ನಿಮ್ಮ ಡಬ್ಬಿಯಲ್ಲಿಲ್ಲ. ಅದು ಹಿಮಾಲಯದ ಎತ್ತರದ ಹುಲ್ಲುಗಾವಲಿನದು. ಮಣ್ಣೊಳಗಿನ ಕಂಬಳಿಹುಳದ ತಲೆಯಿಂದ ಕಂದು ಕಡ್ಡಿಯಂತೆ ಮೇಲೇಳುತ್ತದೆ. ಉತ್ತರಾಖಂಡದ ಪಿಥೋರಾಗಢದ ಕಡೆ ‘ಕೀಡಾ ಜಡಿ’ ಎನ್ನುತ್ತಾರೆ. ಬೆಲೆ ಕಿಲೋಗೆ ಲಕ್ಷಗಳಲ್ಲಿ. ಕಿತ್ತಳೆ ಬಣ್ಣದ್ದು ಬೇರೆ ಜಾತಿ, ಕಾರ್ಡಿಸೆಪ್ಸ್ ಮಿಲಿಟಾರಿಸ್. ಅದನ್ನು ಗಾಜಿನ ಜಾಡಿಯಲ್ಲಿ ಕೆಂಪಕ್ಕಿಯ ಮೇಲೆ ಬೆಳೆಸುತ್ತಾರೆ.

ಎಡವಟ್ಟಾಗುವುದು ಅಲ್ಲೇ. ಅಣಬೆಯನ್ನಷ್ಟೇ ಕತ್ತರಿಸಿ ಒಣಗಿಸಿದರೆ ಸರಿ. ಕೆಲವರು ಬೇರಿನಂಥ ಬಿಳಿ ಎಳೆ ಹಬ್ಬಿದ ಧಾನ್ಯವನ್ನೇ ಸೇರಿಸಿ ಬೀಸಿಬಿಡುತ್ತಾರೆ. ಆಗ ನೀವು ತಿನ್ನುವುದು ದುಬಾರಿ ಅಕ್ಕಿಹಿಟ್ಟು! ಹಿಂಭಾಗದಲ್ಲಿ ‘ಫ್ರೂಟಿಂಗ್ ಬಾಡಿ’, ಅಂದರೆ ಮೇಲೆದ್ದ ಅಣಬೆ, ಎಂದಿರಬೇಕು, ಅಣಬೆಯ ನಾರಿನಂಶವಾದ ‘ಬೀಟಾ ಗ್ಲೂಕಾನ್’ ಶೇಕಡಾ ಎಷ್ಟೆಂದು ಇರಬೇಕು. ಬರೀ ‘ಪಾಲಿಸ್ಯಾಕರೈಡ್’ ಎಂದು ದೊಡ್ಡ ಅಂಕಿ ಹಾಕಿದ್ದರೆ ಮರುಳಾಗಬೇಡಿ, ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ.

ಮನೆಯಲ್ಲೇ ನೋಡಬಹುದು. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ. ಪೂರ್ತಿ ಆರಲು ಬಿಡಿ, ಬಿಸಿಯಿದ್ದರೆ ಬಣ್ಣ ಬರುವುದಿಲ್ಲ. ಆಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಎರಡು ಹನಿ ಬಿಡಿ. ಕಡುನೀಲಿಗೆ ತಿರುಗಿತೋ, ಧಾನ್ಯ ಧಾರಾಳವಾಗಿದೆ. ಹನಿ ಬಿದ್ದ ಕಂದು ಬಣ್ಣವೇ ಉಳಿದರೆ ಪಿಷ್ಟವಿಲ್ಲ. ಅದನ್ನು ಚೆಲ್ಲಿಬಿಡಿ, ಕುಡಿಯಬೇಡಿ ಮತ್ತೆ!

ಸಮಯ ಓಡುತ್ತಿದೆ, ಪ್ರಮಾಣದ ಮಾತು ಬೇಗ ಹೇಳುತ್ತೇನೆ. 2017ರ ಒಂದು ಪುಟ್ಟ ಅಧ್ಯಯನದಲ್ಲಿ ದಿನಕ್ಕೆ 4 ಗ್ರಾಂ ಮಿಲಿಟಾರಿಸ್ ಮಿಶ್ರಣ ಕೊಟ್ಟರು. ವಾರದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ, ಮೂರು ವಾರಕ್ಕೆ ಆಮ್ಲಜನಕ ಬಳಸುವ ಶಕ್ತಿ ಏರಿತು. 500 ಮಿಲಿಗ್ರಾಂ ಕ್ಯಾಪ್ಸೂಲಾದರೆ ದಿನಕ್ಕೆ 8, ಮೂರು ವಾರಕ್ಕೆ 168. ನಿಮ್ಮ 60ರ ಡಬ್ಬಿ ಎಂಟನೇ ದಿನಕ್ಕೇ ಖಾಲಿ. ‘ದಿನಕ್ಕೊಂದು’ ಎಂದು ಬರೆದಿದ್ದರೆ ಅದು ಯಾವ ಲೆಕ್ಕ? ಅದರ ಮೇಲೆ, ಆ ಅಧ್ಯಯನದಲ್ಲಿದ್ದವರೆಲ್ಲ ಸಾಧಾರಣ ವ್ಯಾಯಾಮದವರು. ಪಳಗಿದ ಸೈಕಲ್ ಸವಾರರಿಗೆ 2004ರಲ್ಲಿ ಇನ್ನೊಂದು ಬಗೆಯ ಕಾರ್ಡಿಸೆಪ್ಸನ್ನು ದಿನಕ್ಕೆ ಸುಮಾರು 3 ಗ್ರಾಂನಂತೆ ಐದು ವಾರ ಕೊಟ್ಟು ನೋಡಿದರು, ಏನೂ ಬದಲಾಗಲಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕಿಡ್ನಿಯ ತೊಂದರೆಯಿದ್ದರೆ, ಇಂಥದೇ ಡಬ್ಬಿಗಳಲ್ಲಿ ಬರುವ ಚಾಗಾ ಎಂಬ ಇನ್ನೊಂದು ಅಣಬೆ ಬೇಡವೇ ಬೇಡ, ಅದರಲ್ಲಿ ಕಿಡ್ನಿಗೆ ಹಾನಿ ಮಾಡುವ ಆಕ್ಸಲೇಟ್ ಜಾಸ್ತಿ. ಸ್ಪರ್ಧೆಗಿಳಿಯುವವರು ಪ್ರತಿ ಬ್ಯಾಚನ್ನೂ ನಿಷೇಧಿತ ವಸ್ತುವಿಗಾಗಿ ಪರೀಕ್ಷಿಸಿದ ಮುದ್ರೆ ಇರುವುದನ್ನೇ ಕೊಳ್ಳಿ. ಬೆರಕೆಯಿಂದ ನಿಷೇಧಿತ ವಸ್ತು ಮೈ ಸೇರಿದರೂ ಉತ್ತರ ಕೊಡಬೇಕಾದವರು ನೀವೇ. ಮತ್ತೆ, ಏರಿನಲ್ಲಿ ಸುಮ್ಮಸುಮ್ಮನೆ ಏದುಸಿರು ಬರುತ್ತಿದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೇನೆ, ಡಬ್ಬಿಗೆ ದುಡ್ಡು ಕೊಡುವ ಮುಂಚೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ಎರಡನ್ನೂ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಕೊರತೆಯನ್ನು ಯಾವ ಅಣಬೆಯೂ ತುಂಬುವುದಿಲ್ಲ. ನಮಸ್ಕಾರ.