ನೋವು, ಭಯ ಮತ್ತು ಹಿಪ್ನಾಟಿಸಂ

ಕೇಳುಗರಿಗೆ ನಮಸ್ಕಾರ.

ಹಿಪ್ನಾಟಿಸಂ ಅಂದ ಕೂಡಲೇ ನಮ್ಮ ಚಿತ್ರದುರ್ಗದ ಕಡೆ ಹಲವರಿಗೆ ನೆನಪಾಗುವುದು ಜಾದೂ ಷೋ. ವೇದಿಕೆ ಮೇಲೆ ಹುಡುಗನೊಬ್ಬ ಈರುಳ್ಳಿಯನ್ನು ಸೇಬು ಅಂತ ಕಚ್ಚಿ ತಿನ್ನುತ್ತಾನೆ. ಈರುಳ್ಳಿ ಬಹುಶಃ ಚಳ್ಳಕೆರೆಯದೇ ಇರಬೇಕು!

ಚಿಕಿತ್ಸೆಯ ಕೋಣೆಯಲ್ಲಿ ಇಂಥದ್ದೇನೂ ನಡೆಯುವುದಿಲ್ಲ. ನಿಮ್ಮನ್ನು ಆರಾಮಾಗಿ ಕೂರಿಸುತ್ತಾರೆ. ಉಸಿರಿನ ಮೇಲೆ ಗಮನ ಇಡಿ ಅನ್ನುತ್ತಾರೆ. ಇಷ್ಟದ ಜಾಗವೊಂದನ್ನು ನೆನೆಸಿಕೊಳ್ಳಿ ಅನ್ನುತ್ತಾರೆ. ನಮ್ಮವರಾದರೆ ಚಂದ್ರವಳ್ಳಿ ಕೆರೆಯ ದಂಡೆ ಅನ್ನಬಹುದು. ಮನಸ್ಸು ಅಲ್ಲಿ ನಿಂತ ಮೇಲೆ, ‘ಕೈ ತಣ್ಣಗಾಗುತ್ತಿದೆ, ನೋವು ಕಡಿಮೆಯಾಗುತ್ತಿದೆ’ ಅಂತ ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ. ಇದು ನಿದ್ದೆಯಲ್ಲ. ಮಾತು ಕೇಳಿಸುತ್ತಿರುತ್ತದೆ. ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಬರಬಹುದು.

ಇದರ ಕಥೆಯ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ದೇಶದಲ್ಲೇ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಇದ್ದರು. ಆಗಿನ್ನೂ ಆಪರೇಷನ್‌ಗೆ ಅರಿವಳಿಕೆ ಮದ್ದು ಬಳಕೆಗೆ ಬಂದಿರಲಿಲ್ಲ. ಅವರ ಸಹಾಯಕರು ಗಂಟೆಗಟ್ಟಲೆ ರೋಗಿಯ ಮೈಮೇಲೆ ಕೈಯಾಡಿಸಿ ಮಂಪರು ತರಿಸುತ್ತಿದ್ದರು. ಆಮೇಲೆ ಎಸ್ಡೇಲ್ ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆಯುತ್ತಿದ್ದರು. 1846ರಲ್ಲಿ ಸರ್ಕಾರ ಅವರಿಗೆ ಕಲ್ಕತ್ತದಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯನ್ನೂ ಕೊಟ್ಟಿತು. ಅಷ್ಟರಲ್ಲಿ ಅರಿವಳಿಕೆ ಮದ್ದುಗಳು ಬಂದವು: ಈಥರ್ ಬಂತು, ಕ್ಲೋರೋಫಾರ್ಮ್ ಬಂತು. ನಿಮಿಷಗಳಲ್ಲಿ ಕೆಲಸ ಆಗುವಾಗ ಗಂಟೆಗಟ್ಟಲೆ ಕಾಯುವವರು ಯಾರು? ಅದೂ ಅಲ್ಲದೆ ಹಿಪ್ನಾಟಿಸಂ ಎಲ್ಲರ ಮೇಲೂ ಒಂದೇ ಥರ ನಡೆಯುವುದಿಲ್ಲ. ಕೆಲವರು ಬೇಗ ಒಳಗಾಗುತ್ತಾರೆ, ಕೆಲವರು ಏನು ಮಾಡಿದರೂ ಇಲ್ಲ.

ಈಗ ಅದರ ಕೆಲಸ ಬೇರೆ. ಹಲ್ಲು ಕೀಳಿಸುವ ಭಯ, ಹೆರಿಗೆ ನೋವು, ಸುಟ್ಟ ಗಾಯಕ್ಕೆ ಪಟ್ಟಿ ಬದಲಿಸುವ ಹೊತ್ತು, ಇಂಥ ಕಡೆ ಔಷಧಿಯ ಜೊತೆಗೆ ಬಳಸುತ್ತಾರೆ. ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಹೊಟ್ಟೆಯ ವಿಷಯ. ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಆದರೆ ಹೊಟ್ಟೆ ನುಲಿಯುವುದು, ಉಬ್ಬರ ನಿಲ್ಲುವುದಿಲ್ಲ. ವೈದ್ಯರು ಇದನ್ನು ಐಬಿಎಸ್ ಅನ್ನುತ್ತಾರೆ. 1984ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಇಂಥ ರೋಗಿಗಳಿಗೆ ಹಿಪ್ನಾಟಿಸಂ ಕೊಟ್ಟು ನೋಡಿದರು. ಮಾತಿನ ಚಿಕಿತ್ಸೆ ಪಡೆದವರಿಗಿಂತ ಇವರಿಗೆ ಜಾಸ್ತಿ ಗುಣ ಕಂಡಿತು. ಒಂದು ವರ್ಷ ಔಷಧಿ ತಗೊಂಡರೂ ಜಗ್ಗದ ಐಬಿಎಸ್‌ಗೆ ಇದನ್ನು ಪರಿಗಣಿಸಬಹುದು ಅಂತ ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ.

ಆದರೆ ಮರೆತ ನೆನಪು ತೆಗೆಸುತ್ತೇನೆ, ಹಿಂದಿನ ಜನ್ಮ ತೋರಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಆ ಸ್ಥಿತಿಯಲ್ಲಿ ನಡೆಯದ್ದೂ ನಡೆದ ಹಾಗೆ ನೆನಪಾಗಬಹುದು. ಇಲ್ಲದ ದನಿ ಕೇಳಿಸುವ ಕಾಯಿಲೆ ಇದ್ದವರಿಗೂ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಬಸ್ ಸ್ಟ್ಯಾಂಡ್ ಗೋಡೆಯ ವಶೀಕರಣದ ಪೋಸ್ಟರ್ ಬಗ್ಗೆ ಹೇಳಲೇಬೇಕಿಲ್ಲ, ಅಲ್ವಾ?

ಎದೆನೋವಿಗೋ ತಲೆನೋವಿಗೋ ಮೊದಲು ಕಾರಣ ಪತ್ತೆಯಾಗಲಿ. ಹಿಪ್ನಾಟಿಸಂ ಮಾಡುವವರು ಮನೋವೈದ್ಯರೋ, ತರಬೇತಾದ ಮನಶ್ಶಾಸ್ತ್ರಜ್ಞರೋ ಅಂತ ಸಂಕೋಚ ಬಿಟ್ಟು ಕೇಳಿ. ಯಾರನ್ನು ಕಾಣಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಮಸ್ಕಾರ.