ಚೀಲ ಎತ್ಕೊಂಡು ಹೋಗೋರು ಯಾರು?

ಎಲ್ರಿಗೂ ನಮಸ್ಕಾರ. ಆಪತ್ತಲ್ಲಿ ಮನೆ ಬಿಡುವಾಗ ಹಿಡ್ಕೊಂಡು ಹೊರಡೋ ತುರ್ತು ಚೀಲದ ಬಗ್ಗೆ ಮಾತಾಡ್ಲಿಕ್ಕೆ ಅಧ್ಯಕ್ಷರು ಇಪ್ಪತ್ತು ನಿಮಿಷ ಅಂದಿದ್ರು, ಅದ್ರಲ್ಲಿ ಸ್ವಾಗತ, ಹಾರ, ಮೈಕ್ ಕುಂಯ್ಗುಟ್ಟಿದ್ದು ಎಲ್ಲ ಕಳೆದು ಎಷ್ಟು ಉಳೀತೋ ನೋಡ್ಬೇಕು. ಮೇ ಮುಗೀತಾ ಬಂತು, ಅಂಕೋಲೆಯಲ್ಲಿ ನಿಂತು ಮಳೆ ಅಂದ್ರೆ ಏನು ಅಂತ ನಾನು ಹೇಳೋದೇನಿದೆ. 2024ರ ಜುಲೈ 16ನ್ನ ಇಲ್ಲಿ ಯಾರೂ ಮರೆತಿಲ್ಲ. ಶಿರೂರಲ್ಲಿ ಗುಡ್ಡ ಬಿದ್ದಿದ್ದು ಹೆದ್ದಾರಿ ಮೇಲೆ, ಆದ್ರೆ ಮಣ್ಣು ಗಂಗಾವಳಿ ಹೊಳೆಗೆ ನುಗ್ಗಿ, ನೀರು ಎದ್ದು ಹೊಡೆದಿದ್ದು ಆಚೆ ದಂಡೆ ಉಳುವರೆಯ ಮನೆಗಳಿಗೆ. ಅಂಥದ್ರ ಎದುರು ಯಾವ ಚೀಲವೂ ನಿಲ್ಲೂದಿಲ್ಲ. ನಾನು ಮಾತಾಡ್ತಾ ಇರೋದು ಒಂದೆರಡು ತಾಸು ಸಮಯ ಸಿಗೋ ಆಪತ್ತಿನ ಬಗ್ಗೆ. ಹೊಳೆ ಏರ್ತಾ ಇದೆ, ಪಂಚಾಯ್ತಿಯವ್ರು ಬಂದು ಹೊರಡಿ ಅಂದ್ರು, ಆಗ ಏನು ಹಿಡ್ಕೊಂಡು ಹೊರಡ್ತೀರಿ?

ಮಳೆಗಾಲಕ್ಕೆ ತಯಾರಾಗೋದ್ರಲ್ಲಿ ನಾವು ಗಟ್ಟಿಗರೇ. ಕಟ್ಟಿಗೆ ಒಳಗೆ ಸೇರಿದೆ, ಒಣಮೀನು ಡಬ್ಬಿಗೆ, ಹಲಸಿನ ಹಪ್ಪಳ ಅಟ್ಟಕ್ಕೆ. ಇದೆಲ್ಲ ಮನೇಲಿ ಕೂರೋ ತಯಾರಿ ಮಾರಾಯ್ರೆ. ಮನೆ ಬಿಟ್ಟು ಹೋಗೋ ತಯಾರಿ ನಮ್ಗೆ ರೂಢಿಯೇ ಇಲ್ಲ.

2021ರ ಜುಲೈಯಲ್ಲಿ ಗಂಗಾವಳಿ ಏರಿದಾಗ ನನ್ನ ಪರಿಚಯದ ಒಂದು ಮನೇಲಿ ಆಗಿದ್ದು ಹೇಳ್ತೇನೆ. ನೀರು ಅಂಗಳಕ್ಕೆ ಬಂತು. ಮನೆ ಗಂಡಸ್ರೆಲ್ಲ ಸೇರಿ ಮೊದ್ಲು ಟಿವಿ ಎತ್ತಿದ್ರು, ಆಮೇಲೆ ಮಿಕ್ಸರ್, ಆಮೇಲೆ ಫ್ರಿಜ್ಜು. ಫ್ರಿಜ್ಜನ್ನ ಅಟ್ಟಕ್ಕೆ ಏರಿಸೋದು ಸುಲಭನ? ಹಗ್ಗ ಕಟ್ಟಿ, ಒಬ್ಬ ಮೇಲಿಂದ ಎಳೆದು, ಇಬ್ರು ಕೆಳಗಿಂದ ದೂಡಿ, ಮಧ್ಯ ಏಣಿಯ ಒಂದು ಮೆಟ್ಲು ಮುರಿದು, ಅಂತೂ ಏರಿಸಿದ್ರು, ಅಷ್ಟೊತ್ತಿಗೆ ದೋಣಿ ಬಂತು, ಎಲ್ರೂ ಹತ್ತಿದ್ರು. ಶಾಲೆಯ ಕಾಳಜಿ ಕೇಂದ್ರಕ್ಕೆ ಹೋಗಿ ಚಾ ಕುಡಿಯುವಾಗ ಆಯಿ ಮೆಲ್ಲಗೆ ಕೇಳಿದ್ರಂತೆ, "ತಮ್ಮಾ, ನನ್ನ ಇನ್ಸುಲಿನ್ ಎಲ್ಲಿ?" ಇನ್ಸುಲಿನ್ ಫ್ರಿಜ್ಜಲ್ಲಿ. ಫ್ರಿಜ್ಜು ಅಟ್ಟದಲ್ಲಿ. ಏಣಿ ನೀರಲ್ಲಿ! ನಗ್ರಿ ನಗ್ರಿ, ಈಗ ಅವ್ರೂ ನಗ್ತಾರೆ. ಆ ದಿನ ಆಸ್ಪತ್ರೆಗೆ ಹೇಳಿ ತರಿಸೋವರೆಗೆ ಯಾರೂ ನಕ್ಕಿರ್ಲಿಲ್ಲ. ಅಂದ ಹಾಗೆ ಬಳಸ್ತಾ ಇರೋ ಬಾಟ್ಲಿ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯತ್ತೆ, ಫ್ರಿಜ್ಜಿಲ್ಲ ಅಂತ ಬಿಟ್ಟು ಬರೋದೇನೂ ಬೇಡ, ನಿಮ್ಮ ಡಾಕ್ಟ್ರ ಹತ್ರ ಒಮ್ಮೆ ಕೇಳ್ಕೊಳ್ಳಿ.

ಹಾಗಾಗಿ ಚೀಲದೊಳಗೆ ಏನೇ ಹಾಕೋ ಮೊದ್ಲು ಒಂದೇ ಪ್ರಶ್ನೆ ಕೇಳಿ: ಇದನ್ನ ಎತ್ಕೊಂಡು ಹೋಗೋರು ಯಾರು? ನೆರೆ ಬರುವಾಗ ಮಗ ಬೆಂಗ್ಳೂರಲ್ಲಿರ್ತಾನೆ, ಮನೆಯವ್ರು ಡ್ಯೂಟಿಗೆ ಹೋಗಿರ್ತಾರೆ, ಮನೇಲಿರೋದು ಆಯಿ ಮತ್ತೆ ಎರಡು ಮಕ್ಳು. ಆಯಿಗೆ ಎತ್ಲಿಕ್ಕೆ ಆಗದ ಚೀಲ ಇದ್ದೂ ಇಲ್ದಂಗೆ. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರು ಇಡಿ ಅಂತಾರೆ, ಸರಿ, ನಾಲ್ಕು ಜನ, ಮೂರು ದಿನ ಅಂದ್ರೆ 36 ಲೀಟರ್, ಅಂದ್ರೆ 36 ಕಿಲೋ! ಆ ನೀರು ಮನೇಲೇ ಉಳಿಯೋರಿಗೆ, ಎತ್ತರದ ಜಾಗದಲ್ಲಿ ಕ್ಯಾನಲ್ಲಿಡಿ. ಚೀಲಕ್ಕೆ ತಲೆಗೊಂದು ಬಾಟ್ಲಿ, ಒಂದು ಪಟ್ಟಿ ಕ್ಲೋರಿನ್ ಮಾತ್ರೆ ಸಾಕು, ಪಟ್ಟಿ ಮೇಲೆ ಬರೆದಷ್ಟು ನೀರಿಗೆ ಹಾಕಿ ಅರ್ಧ ತಾಸು ಬಿಟ್ಟು ಕುಡೀರಿ. ತಿನ್ಲಿಕ್ಕೆ ಅವಲಕ್ಕಿ, ಬೆಲ್ಲ, ಹುರಿದ ಶೇಂಗಾ. ಮ್ಯಾಗಿ ಇಡ್ತೇನೆ ಅಂತ ಒಬ್ಬ ಹುಡ್ಗ ಅಂದ, ಬೇಯ್ಸೋದು ಎಲ್ಲಿ ತಮ್ಮಾ?

ಬಿಪಿ, ಶುಗರ್ ಮಾತ್ರೆ ಒಂದು ವಾರದ್ದು, ಚೀಟಿ ಸಮೇತ. ಭೇದಿಯಾದಾಗ ಕುಡಿಯೋ ಓಆರ್‌ಎಸ್ ಪುಡಿ ಇಲ್ದೇ ಹೋದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಾ ಚಮಚದಲ್ಲಿ, ಮಟ್ಟಸವಾಗಿ. ನೆರೆ ನೀರಲ್ಲಿ ನಡೆದು ಆಮೇಲೆ ಜ್ವರ ಬಂದ್ರೆ ಇಲಿಜ್ವರ ಇರ್ಬಹುದು, ಮಾತ್ರೆ ನುಂಗಿ ಮಲಗ್ಬೇಡಿ, ನೀರಲ್ಲಿ ಇಳಿದಿದ್ದೆ ಅಂತ ಡಾಕ್ಟ್ರಿಗೆ ಹೇಳಿ. ಆಧಾರ್, ರೇಶನ್ ಕಾರ್ಡ್, ಪಹಣಿ, ಪಾಸ್‌ಬುಕ್ ಇವುಗಳ ಝೆರಾಕ್ಸ್ ಗಟ್ಟಿ ಪ್ಲಾಸ್ಟಿಕ್ಕಲ್ಲಿ, ಪರಿಹಾರ ಕೇಳೋ ದಿನ ಮೊದ್ಲು ಕೇಳೋದು ಅದನ್ನೇ. ಚಿಲ್ಲರೆ ನೋಟು ಇಡಿ, ಕರೆಂಟ್ ಹೋಗಿ ಟವರ್ ಸತ್ರೆ ಫೋನ್‌ಪೇ ಕೆಲಸ ಮಾಡೂದಿಲ್ಲ. ಟಾರ್ಚು, ಬೇರೆ ಸೆಲ್ಲು, ಸಣ್ಣ ರೇಡಿಯೋ, ಒಂದು ಸೀಟಿ. ಸೀಟಿ ಯಾಕೆ ಅಂದ್ರೆ ಕೂಗಿ ಕೂಗಿ ಗಂಟ್ಲು ಹೋಗತ್ತೆ, ಊದೋದಕ್ಕೆ ಅಷ್ಟು ಶಕ್ತಿ ಬೇಡ.

ಮತ್ತೆ, ರೆಡ್ ಅಲರ್ಟ್ ಅಂದ್ರೆ ಶಾಲೆಗೆ ರಜೆ ಅಂತ ಮಾತ್ರ ತಿಳ್ಕೊಂಡಿದ್ದೇವೆ. 24 ತಾಸಲ್ಲಿ 204 ಮಿಲಿಮೀಟರ್ ದಾಟೋ ಮಳೆಯ ಸೂಚನೆ ಅದು. ಆ ದಿನ ಚೀಲ ಒಮ್ಮೆ ಬಿಚ್ಚಿ ನೋಡಿ. ಚೌತಿ ಮುಗೀತು ಅಂತ ಖಾಲಿ ಮಾಡ್ಬೇಡಿ, ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದಿದ್ದು 2009ರ ಅಕ್ಟೋಬರಲ್ಲಿ, ಕೊಡೆ ಮಡಚಿಡೋ ಹೊತ್ತಲ್ಲಿ.

ಚೀಟಿ ಬಂತು, ಎರಡು ನಿಮಿಷ ಅಂತೆ. ದನಕರುಗಳದ್ದು ಹೇಳ್ಬೇಕಿತ್ತು, ಹಗ್ಗ ಬಿಚ್ಚಿ ಬಿಡಿ, ಕಟ್ಟಿ ಹೋಗ್ಬೇಡಿ, ಅಷ್ಟೇ ಹೇಳ್ತೇನೆ. ಹೊರಡೋ ಮೊದ್ಲು ಮೇನ್ ಸ್ವಿಚ್, ಗ್ಯಾಸ್ ಬಂದ್ ಮಾಡಿ. ಗುಡ್ಡದ ಬುಡದಲ್ಲಿರೋರು, ನೆಲ ಬಿರುಕು ಬಿಟ್ರೆ, ಮರ ಕಂಬ ವಾಲಿದ್ರೆ, ಹಳ್ಳದ ನೀರು ಒಮ್ಮೆಲೇ ಕೆಂಪಾದ್ರೆ ಯಾರ ಆದೇಶಕ್ಕೂ ಕಾಯ್ಬೇಡಿ, ಚೀಲಕ್ಕಂತೂ ಒಳಗೆ ಓಡ್ಲೇಬೇಡಿ. ಅದಕ್ಕೇ ಅದು ಬಾಗಿಲ ಹತ್ರದ ಮೊಳೆಗೆ ನೇತಾಡ್ಬೇಕು, ಆಯಿಯ ಕೈಗೆ ಎಟುಕೋ ಎತ್ತರಕ್ಕೆ.

ಹಾಂ, ನಂಬರ್. ಮೊಬೈಲಲ್ಲಲ್ಲ, ಕಾಗದದಲ್ಲಿ ಬರ್ಕೊಳ್ಳಿ: ಯಾವ ತುರ್ತಿಗೂ 112, ಜಿಲ್ಲಾ ಕಂಟ್ರೋಲ್ ರೂಮ್ 1077, ಆಂಬುಲೆನ್ಸ್ 108, ಕರೆಂಟ್ ತಂತಿ ಬಿದ್ರೆ 1912. ಹಿಂದೆ ಕೂತೋರಿಗೆ ಕೇಳ್ಸಿಲ್ವ? ಒಂದು, ಸೊನ್ನೆ, ಏಳು, ಏಳು.