ಬಿಸಿಲನ್ನು ಕೂಡಿಡುವ ಹಿತ್ತಲು

ಕೇಳುಗರೆಲ್ಲರಿಗೂ ನಮಸ್ಕಾರ.

ಲಡಾಖ್ ಅಂದರೆ ನಮ್ಮ ಕಣ್ಣಿಗೆ ಕಟ್ಟುವುದು ಬೋಳು ಬೆಟ್ಟ, ಹಿಮ, ಸೇನೆಯ ಲಾರಿಗಳ ಸಾಲು. ಅಲ್ಲಿ ಮನೆಮನೆಗೂ ತರಕಾರಿ ಹಿತ್ತಲಿದೆ, ಒಂದೊಂದು ಎಲೆಕೋಸನ್ನು ಎರಡೂ ಕೈಯಲ್ಲಿ ಎತ್ತಬೇಕು ಎಂದರೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಸೇನೆಯ ಕೆಲಸದ ಮೇಲೆ ಲೇಹ್‌ನಲ್ಲಿದ್ದ ಕಾಲದಲ್ಲಿ ಬಿಡುವು ಸಿಕ್ಕಾಗಲೆಲ್ಲ ನಾನು ಆ ಹಿತ್ತಲುಗಳ ಬೇಲಿಯ ಬಳಿ ನಿಂತಿರುತ್ತಿದ್ದೆ. ಇವತ್ತು ಅದರ ವಿಚಾರವನ್ನೇ ಹೇಳುತ್ತೇನೆ.

ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ; ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಒಂದೂವರೆ ಸಾವಿರ ಮೀಟರ್ ಮೇಲೆ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 100 ಮಿಲಿಮೀಟರಿನ ಆಸುಪಾಸು. ಮಳೆಗೆ ಬಾಯಿಬಿಡುವ ನಮ್ಮ ಚಳ್ಳಕೆರೆ ಸೀಮೆಯಲ್ಲೂ ಇದರ ನಾಲ್ಕು ಪಟ್ಟು ಸುರಿಯುತ್ತದೆ. ಹಾಗಾಗಿ ಅಲ್ಲಿ ನೀರಿನದೇ ದೊಡ್ಡ ಕಷ್ಟ ಎಂದು ನಾವು ಎಣಿಸುತ್ತೇವೆ. ಕಷ್ಟ ನಿಜ. ಆದರೆ ತರಕಾರಿ ಬೆಳೆಯುವವರನ್ನು ಅದಕ್ಕಿಂತ ಹೆಚ್ಚು ಕಾಡುವುದು ರಾತ್ರಿ. ಗಾಳಿ ತೆಳು, ಒಣ. ಆಕಾಶದಲ್ಲಿ ಮೋಡದ ಹೊದಿಕೆಯಿಲ್ಲ. ಹಗಲೆಲ್ಲ ಚರ್ಮ ಸುಡುವ ಬಿಸಿಲು, ಹೊತ್ತು ಮುಳುಗಿತೋ, ನೆಲದ ಕಾವೆಲ್ಲ ಮುಗಿಲಿಗೆ ಸೋರಿಹೋಗುತ್ತದೆ. ಮೇ ತಿಂಗಳಲ್ಲೂ ಒಂದೇ ರಾತ್ರಿಯ ಹೆಪ್ಪಿಗೆ ಎಳೆ ಸಸಿಗಳು ಕರಕಲಾಗುವುದುಂಟು. ಸೆಪ್ಟೆಂಬರ್ ದಾಟಿದರೆ ಮತ್ತೆ ಚಳಿ. ಬಯಲಿನಲ್ಲಿ ಬೆಳೆಯಲು ಸಿಗುವುದು ನಾಲ್ಕೈದು ತಿಂಗಳು ಮಾತ್ರ.

ಆದ್ದರಿಂದ ಅಲ್ಲಿಯವರು ಮೊದಲು ಹಿಡಿದಿಡುವುದು ಬಿಸಿಲನ್ನು. ನೆಲದಲ್ಲಿ ಸುಮಾರು 3 ಅಡಿ ಆಳದ ಗುಂಡಿ ತೋಡಿ, ಅದರ ತಳದಲ್ಲಿ ಪಾತಿ ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಎಳೆಯುತ್ತಾರೆ. ಹಗಲು ಒಳಗೆ ಇಳಿದ ಕಾವನ್ನು ಸುತ್ತಲ ಮಣ್ಣು ಹೀರಿಕೊಂಡು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಸಂಜೆ ಅದರ ಮೇಲೊಂದು ಕಂಬಳಿಯನ್ನೋ ಇನ್ನೊಂದು ಹಾಳೆಯನ್ನೋ ಹೊದಿಸಿದರೆ ಹೊರಗೆ ನೀರು ಗಟ್ಟಿಯಾಗುವ ಚಳಿಯಲ್ಲೂ ಒಳಗೆ ಪಾಲಕ್ ಸೊಪ್ಪು ಹಸಿರಾಗಿರುತ್ತದೆ. ಖರ್ಚು ಕಡಿಮೆ, ಕೂಲಿ ಸ್ವಂತದ್ದು. ಲೇಹ್‌ನಲ್ಲಿರುವ ಡಿಹಾರ್, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಸಂಸ್ಥೆ, ಎತ್ತರದ ಸೀಮೆಯ ಬೇಸಾಯದ ಮೇಲೆಯೇ ಕೆಲಸ ಮಾಡುತ್ತದೆ. ಇಂಥ ಗುಂಡಿ ತೋಟಗಳನ್ನು ಹಳ್ಳಿಗಳಿಗೆ ಮುಟ್ಟಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಇನ್ನೊಂದು ಬಗೆ, ಗೋಡೆ ಕಟ್ಟಿದ ಹಸಿರುಮನೆ. ಉದ್ದದ ಮೈಯನ್ನು ದಕ್ಷಿಣಕ್ಕೆ ತಿರುಗಿಸಿ ಅಲ್ಲಿ ಮಾತ್ರ ಪ್ಲಾಸ್ಟಿಕ್ ಹೊದಿಸುತ್ತಾರೆ. ಬಡಗಣ ಗೋಡೆಗೆ ದಪ್ಪ ಹಸಿ ಇಟ್ಟಿಗೆ, ನಡುವೆ ಹುಲ್ಲು ತುಂಬಿದ ಪದರ, ಒಳಮೈಗೆ ಕಪ್ಪು ಬಣ್ಣ. ಚಳಿಗಾಲದ ಸೂರ್ಯ ಕೆಳಗೆ ಓರೆಯಾಗಿ ಬರುವುದರಿಂದ ಕಿರಣ ನೇರವಾಗಿ ಆ ಕರಿ ಗೋಡೆಗೆ ಬಡಿಯುತ್ತದೆ. ಒಲೆಯಿಲ್ಲ, ಕರೆಂಟಿಲ್ಲ. ಜನವರಿಯಲ್ಲಿ ಅದರ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಹಸಿಮಣ್ಣಿನ ವಾಸನೆಗೆ ಸಮನಾದದ್ದು ಆ ಊರಿನಲ್ಲಿ ನನಗೆ ಬೇರೆ ಸಿಗಲಿಲ್ಲ. ಕಣಿವೆಯ ದಾರಿಗಳು ಹಿಮಕ್ಕೆ ಮುಚ್ಚಿ, ತರಕಾರಿ ವಿಮಾನದಲ್ಲಿ ಬರಬೇಕಾದ ದಿನಗಳಲ್ಲಿ ಒಂದು ಕಟ್ಟು ಹಸಿ ಸೊಪ್ಪಿನ ಬೆಲೆ ಏನೆಂಬುದು ಅಲ್ಲಿದ್ದವರಿಗೆ ಗೊತ್ತು.

ಇನ್ನು ನೀರು. ಅದು ಬರುವುದು ಹಿಮನದಿಯಿಂದ. ಕಾಲುವೆಯ ನೀರನ್ನು ಸರದಿಯಂತೆ ಹಂಚಲು ಊರವರೇ ನೇಮಿಸಿಕೊಂಡ ಚುರ್ಪೊನ್ ಇರುತ್ತಾನೆ; ನಮ್ಮ ಕೆರೆ ಅಚ್ಚುಕಟ್ಟಿನ ನೀರುಗಂಟಿಯ ಕೆಲಸವೇ ಅವನದು. ರಾತ್ರಿ ಹರಿದ ನೀರು ಝಿಂಗ್ ಎಂಬ ಸಣ್ಣ ಕಟ್ಟೆಯಲ್ಲಿ ನಿಲ್ಲುತ್ತದೆ. ನಿಂತ ನೀರಿಗೆ ಸ್ವಲ್ಪ ಬಿಸಿಲು ತಾಗಿದರೆ ಒಳ್ಳೆಯದೇ, ಹಿಮ ಕರಗಿದ ತಣ್ಣೀರು ನೇರವಾಗಿ ಎಳೆಯ ಬೇರಿಗೆ ಬಿದ್ದರೆ ಗಿಡ ಬೆಚ್ಚುತ್ತದೆ. ದೊಡ್ಡ ಇಕ್ಕಟ್ಟು ಏನೆಂದರೆ, ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್–ಮೇನಲ್ಲಿ. ಎತ್ತರದ ಹಿಮನದಿ ಕರಗಿ ಹರಿಯುವುದು ಜೂನ್ ಹೊತ್ತಿಗೆ. ಆ ನಡುವಿನ ತಿಂಗಳುಗಳಿಗಾಗಿ ಇಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯನ್ನು ಊರಿಗೆ ಹತ್ತಿರದ ನೆರಳಿನ ಇಳಿಜಾರಿನಲ್ಲಿ ತಡೆದು ಹೆಪ್ಪುಗಟ್ಟಿಸಿದರು; ಹಿಮನದಿಗಿಂತ ತಗ್ಗಿನಲ್ಲಿರುವ ಈ ಹಿಮ ಬಿತ್ತನೆಯ ಹೊತ್ತಿಗೇ ಕರಗಿ ಹರಿಯುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೋನಮ್ ವಾಂಗ್ಚುಕ್ ಅದೇ ನೀರನ್ನು ಪೈಪಿನಲ್ಲಿ ತಂದು, ಚಿಮ್ಮಿಸಿ, ಗೋಪುರದಂತೆ ಹೆಪ್ಪುಗಟ್ಟಿಸುವ ಐಸ್ ಸ್ತೂಪ ಮಾಡಿದರು. ಗೋಪುರದಾಕಾರದಲ್ಲಿ ಹಿಮದ ಮೊತ್ತಕ್ಕೆ ಹೋಲಿಸಿದರೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ಕರಗುವುದು ನಿಧಾನ.

ಮಣ್ಣು ಮರಳು ಮರಳು, ಸಾರವಿಲ್ಲದ್ದು. ಅದಕ್ಕೆ ಮದ್ದು ಮನೆಯಲ್ಲೇ ಇದೆ. ಲಡಾಖಿ ಮನೆಯ ಒಣ ಶೌಚಾಲಯದಲ್ಲಿ ನೀರು ಬಳಸುವುದಿಲ್ಲ, ಪ್ರತಿಸಲ ಒಂದಿಷ್ಟು ಮಣ್ಣು ಎಳೆಯುತ್ತಾರೆ. ಕೆಳಗಿನ ಕೋಣೆಯಲ್ಲಿ ಅದು ಕೊಳೆತು ವಸಂತಕ್ಕೆ ಗೊಬ್ಬರವಾಗಿ ಹೊಲಕ್ಕೂ ಹಿತ್ತಲಿಗೂ ಹೋಗುತ್ತದೆ. ಹಿಮ ಹೆಚ್ಚು ಬೀಳುವ ಝಂಸ್ಕಾರ್ ಕಡೆ ಇನ್ನೊಂದು ಜಾಣ್ಮೆ: ಚಳಿಗಾಲಕ್ಕೆ ಮೊದಲೇ ಒಣ ಮಣ್ಣನ್ನು ಮನೆಯೊಳಗೆ ತುಂಬಿಟ್ಟುಕೊಂಡು, ವಸಂತದಲ್ಲಿ ಹೊಲದ ಹಿಮದ ಮೇಲೆ ಎರಚುತ್ತಾರೆ. ಕಪ್ಪು ಮಣ್ಣು ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ನಾಲ್ಕೈದು ತಿಂಗಳ ಬೇಸಾಯದಲ್ಲಿ ವಾರ ಮೊದಲು ನೆಲ ಸಿಕ್ಕರೂ ಅದು ಸಣ್ಣ ಲಾಭವಲ್ಲ.

ಇಷ್ಟು ಬಲ್ಲ ಜನರ ಹಿತ್ತಲುಗಳು ಲೇಹ್ ಪಟ್ಟಣದಲ್ಲಿ ಈಗ ಕಿರಿದಾಗುತ್ತಿವೆ. ತರಕಾರಿ ಪಾತಿಗಳಿದ್ದಲ್ಲಿ ಹೋಟೆಲು, ಹೋಟೆಲಿಗೆ ಕೊಳವೆಬಾವಿ, ನೀರು ಸುರಿಯುವ ಶೌಚಾಲಯ. ಕೊಳವೆಬಾವಿ ಎಂಥ ದಾರಿ ಎಂದು ಕೋಲಾರದವರಿಗೆ ನಾನು ಹೇಳಬೇಕಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಪ್ರತಿ ಬೇಸಿಗೆ ಲಡಾಖ್‌ಗೆ ಹೊರಡುವ ಗೆಳೆಯರಲ್ಲಿ ಒಂದು ಕೋರಿಕೆ: ಒಣ ಶೌಚಾಲಯ ಇರುವ ಮನೆಗಳಲ್ಲಿ ಉಳಿದುಕೊಳ್ಳಿ, ಸ್ನಾನಕ್ಕೆ ಒಂದು ಬಕೆಟ್ ನೀರು ಸಾಕು ಮಾಡಿಕೊಳ್ಳಿ. ಲೇಹ್‌ನ ಮುಖ್ಯ ಬಜಾರಿನ ಕಾಲುದಾರಿಯಲ್ಲಿ ಹಳ್ಳಿಯ ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕುಳಿತಿರುತ್ತಾರೆ. ಅವರಲ್ಲಿ ಒಂದು ಹಿಡಿ ಕ್ಯಾರೆಟ್ ಕೊಂಡು ಅಲ್ಲೇ ತೊಳೆದು ತಿನ್ನಿ. ಹಗಲಿನ ಬಿಸಿಲಿಗೆ ಕೂಡಿದ ಸಕ್ಕರೆ ತಣ್ಣನೆ ರಾತ್ರಿಯಲ್ಲಿ ಕರಗದೆ ಉಳಿಯುವುದರಿಂದ ಅವು ಅಷ್ಟು ಸಿಹಿ.

ನಮಸ್ಕಾರ.